ಹುಣ್ಣಿಗೆ ಕೊಟ್ಟ ಮಾತ್ರೆ

"ನಾವು ಬರೆದದ್ದು ಬಿಟ್ಟು ಇವರಿಗೆ ಬೇರೆ ಏನಾದ್ರೂ ಕೊಡ್ತಿದ್ದೀರಾ?"

ಡಾಕ್ಟರಮ್ಮ ರಕ್ತದ ವರದಿಯಿಂದ ತಲೆ ಎತ್ತದೆ ಕೇಳಿದರು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ.

"ಜಿಂಕ್ ಮಾತ್ರೆ ಒಂದೇ," ಎಂದಳು ಮಗಳು. "ಕಾಲಿನ ಹುಣ್ಣಿಗೆ ಅಂತ ಒಂದು ತಿಂಗಳಿಗೆ ಬರೆದಿದ್ರು. ಒಳ್ಳೇದೇ ಅಲ್ವಾ ಅಂತ ನಾನೇ ಮುಂದುವರಿಸಿದೆ."

"ಎಷ್ಟು ದಿನದಿಂದ?"

"ಎರಡು ವರ್ಷ. ಈಗ ದಿನಕ್ಕೆ ಮೂರು."

ಔಷಧಿ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷ ನಿಂತವಳು ಅವಳು. ಓಣಿಯವರಿಗೆಲ್ಲ ಅರ್ಧ ಡಾಕ್ಟರು. ಟೇಲರ್ ಅಪ್ಪನಂತೂ ಒಂದು ಮಾತೂ ಕೇಳದೆ ಬಾಯಿ ತೆರೆಯುತ್ತಿದ್ದ. "ನೀನು ಕೊಟ್ರೆ ಕೋಟಿನ ಗುಂಡಿನೂ ನುಂಗ್ತೀನಿ," ಎಂದು ನಗುತ್ತಿದ್ದ.

ಡಾಕ್ಟರಮ್ಮ ವರದಿಯ ಹಿಂಬದಿಯಲ್ಲಿ ಕರುಳಿನ ಗೋಡೆಯ ಚಿತ್ರ ಬರೆದರು. "ಜೀವಕೋಶದ ಒಳಗೆ ಲೋಹ ಹಿಡಿದಿಡೋ ಪ್ರೋಟೀನ್ ಇರುತ್ತೆ. ಜಿಂಕನ್ನ ಹಿಡಿದಿಟ್ಟು, ಬೇಕಾದಷ್ಟೇ ಬಿಟ್ಟುಕೊಡೋದು ಅದರ ಕೆಲಸ. ಜಿಂಕ್ ಹೆಚ್ಚಾದ್ರೆ ಕೋಶ ಆ ಪ್ರೋಟೀನನ್ನೂ ಹೆಚ್ಚು ಮಾಡಿಕೊಳ್ಳುತ್ತೆ. ಆದ್ರೆ ಅದು ಜಿಂಕ್‌ಗಿಂತ ತಾಮ್ರಾನ ಗಟ್ಟಿಯಾಗಿ ಹಿಡಿಯುತ್ತೆ. ಊಟದಲ್ಲಿ ಬಂದ ತಾಮ್ರ ಅಲ್ಲೇ ಸಿಕ್ಕಿಕೊಂಡು, ನಾಲ್ಕೈದು ದಿನಕ್ಕೆ ಕೋಶ ಉದುರಿದಾಗ ಅದರ ಜೊತೆಗೇ ಹೊರಗೆ. ತಾಮ್ರ ಸಿಗದೆ ಇವರ ರಕ್ತ ಕಡಿಮೆಯಾಗಿದೆ, ಬೆನ್ನುಹುರಿ ಸೊರಗಿದೆ. ಕಾಲು ಮರಗಟ್ಟಿರೋದು ಅದಕ್ಕೇ."

"ಇವತ್ತೇ ನಿಲ್ಲಿಸಿದ್ರೆ?"

"ನಿಲ್ಲಿಸಿ ತಾಮ್ರ ಕೊಡೋಣ. ರಕ್ತ ಸರಿಹೋಗುತ್ತೆ. ಕಾಲು..." ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಇನ್ನಷ್ಟು ಕೆಡದ ಹಾಗೆ ನೋಡ್ಕೋಬಹುದು."

ಮನೆಗೆ ಬಂದು ಅಪ್ಪ ಹೊಲಿಗೆಯಂತ್ರದ ಮುಂದೆ ಕೂತು, ಅರ್ಧಕ್ಕೆ ನಿಂತಿದ್ದ ಕೋಟಿನ ತೋಳಿನ ಹೊಲಿಗೆ ಬಿಚ್ಚತೊಡಗಿದ. ಪೆಡಲಿನ ಮೇಲೆ ಪಾದ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾದಾಗಿನಿಂದ ಅವನು ಹೊಲಿಯುವುದಕ್ಕಿಂತ ಬಿಚ್ಚುವುದೇ ಹೆಚ್ಚಾಗಿತ್ತು.

"ಅಪ್ಪಾ, ನಾನು ಕೊಟ್ಟ ಮಾತ್ರೆಯಿಂದಲೇ ಹೀಗಾಗಿದ್ದಂತೆ."

"ಹುಣ್ಣು ವಾಸಿ ಆಯ್ತಲ್ಲ?"

"ಅದು ಮೂರೇ ವಾರಕ್ಕೆ ಆಗಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು."

ಅಪ್ಪ ಒಂದು ದಾರ ಎಳೆದು ತೆಗೆದ. "ಪಾದ ಜೋಮು ಹಿಡಿದಿದೆ ಅಂತ ಹೇಳಿದ್ದೆ ನಿಂಗೆ. ಆಗ ನೀನು ಇನ್ನೊಂದು ಮಾತ್ರೆ ಸೇರಿಸಿದೆ." ಗಿರಾಕಿಯ ಅಳತೆ ಓದಿದ ಹಾಗೆ, ಸಿಟ್ಟಿಲ್ಲದೆ ಹೇಳಿದ. ಬೈದಿದ್ದರೆ ಅವಳಿಗೆ ಅಳುವಾದರೂ ಬರುತ್ತಿತ್ತು.

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಇಡುವ ಸದ್ದಾಯಿತು. ಅಪ್ಪ ದನಿ ತಗ್ಗಿಸಿದ. "ಅವಳಿಗೆ ಹೇಳಬೇಡ. ವಯಸ್ಸಾಯ್ತಂತೆ ಅಂದುಬಿಡು. ತಿಳಿಯಿತಾ?"

ಮರುದಿನ ಬೆಳಿಗ್ಗೆ ಅವನು ಬೇಸಿನ್ ಮುಂದೆ ನಿಂತಿದ್ದ. ಕಣ್ಣು ತೆರೆದಿರುವಷ್ಟು ಹೊತ್ತು ಹೇಗೋ ನಿಲ್ಲಬಲ್ಲವನಾಗಿದ್ದ. ಮುಚ್ಚಿದರೆ ನೆಲ ಎಲ್ಲಿದೆಯೆಂದೇ ಕಾಲಿಗೆ ತಿಳಿಯುತ್ತಿರಲಿಲ್ಲ. ಮುಖಕ್ಕೆ ಸೋಪು ಹಚ್ಚುವ ಮೊದಲು, ತಿರುಗಿ ನೋಡದೆ, ಎಡಗೈಯನ್ನು ಹಿಂದಕ್ಕೆ ಚಾಚಿದ. ಬಾಗಿಲಲ್ಲಿದ್ದ ಮಗಳು ಬಂದು ಹಿಡಿದುಕೊಂಡಳು. ಅಪ್ಪ ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ, ನಿಧಾನವಾಗಿ ಮುಖ ಉಜ್ಜಿಕೊಳ್ಳತೊಡಗಿದ.