ಬಣ್ಣವಿಲ್ಲದ ತಾಟು

ನಮ್ಮ ಮನೆಯ ಪಾತ್ರೆಗಳಿಗೆ ಉಗುರುಬಣ್ಣ ಹಚ್ಚುವ ರೂಢಿ ಬಂದದ್ದು ಇಬ್ಬರು ಸೊಸೆಯಂದಿರು ಬೇರೆ ಬೇರೆ ಒಲೆ ಹೂಡಿದ ವರ್ಷ. ಅವರೇನೂ ಜಗಳವಾಡಿ ಬೇರೆಯಾದವರಲ್ಲ. ನನ್ನ ದೊಡ್ಡ ಮಗ ಸುರೇಶಕುಮಾರ ಕಲ್ಲು ಪಾಲಿಶ್ ಕಾರ್ಖಾನೆಗೆ ನಸುಕಿನಲ್ಲೇ ಹೋಗುವವ. ಸಣ್ಣವ ಅಜಯಕುಮಾರ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮುಗಿಸಿ ಹೊತ್ತಲ್ಲದ ಹೊತ್ತಿಗೆ ಬರುವವ. ಒಬ್ಬರ ಊಟದ ಹೊತ್ತು ಇನ್ನೊಬ್ಬರಿಗೆ ಹೊಂದಲಿಲ್ಲ. ಹೀಗಾಗಿ ಭಂಕೂರಿನ ಅದೇ ಮನೆಯಲ್ಲಿ ಅಂಗಳದ ಆಚೆಗೊಂದು ಅಡುಗೆಮನೆ, ಈಚೆಗೊಂದು ಅಡುಗೆಮನೆ ಆಯಿತು.

ಮಂದಿ ಜಗಳಾಡದಿದ್ದರೂ ಪಾತ್ರೆಗಳು ಜಗಳ ತಂದವು. ನಲ್ಲಿ ಒಂದೇ, ಪಾತ್ರೆ ತಿಕ್ಕುವ ಫರಸಿಕಲ್ಲೂ ಒಂದೇ. ಈ ಚಮಚ ನಂದು, ಆ ಡಬ್ಬಿಯ ಮುಚ್ಚಳ ನಿಂದು ಎಂದು ದಿನಾ ಒಂದು ಮಾತು. ಕಡೆಗೆ ದೊಡ್ಡ ಸೊಸೆ ರಾಧಿಕಾ ನೀಲಿ ನೇಲ್‌ಪಾಲಿಶ್ ತಂದು ತನ್ನ ಪಾತ್ರೆಗಳ ಅಂಚಿಗೆಲ್ಲ ಒಂದೊಂದು ಬೊಟ್ಟು ಇಟ್ಟಳು. ಸಣ್ಣ ಸೊಸೆ ಲುಂಬಿನಿಗೂ ನೀಲಿಯೇ ಬೇಕಾಗಿತ್ತು. ನೀಲಿ ಬಾವುಟ ಹಾರುವ ನಮ್ಮ ಓಣಿಯಲ್ಲಿ ಆ ಬಣ್ಣ ಯಾರಿಗೆ ಬೇಡ? ಆದರೆ ಹಿರಿಯಳು ಆಗಲೇ ಹಚ್ಚಿ ಮುಗಿಸಿದ್ದಳು. ಲುಂಬಿನಿ ಎರಡು ದಿನ ಮುಖ ಗಂಟು ಹಾಕಿಕೊಂಡು, ಆಮೇಲೆ ಗುಲಾಬಿ ತಂದಳು.

ನಾನು ಒಂದು ತಿಂಗಳು ರಾಧಿಕಾಳ ಕಡೆ ಉಣ್ಣುವವಳು, ಇನ್ನೊಂದು ತಿಂಗಳು ಲುಂಬಿನಿಯ ಕಡೆ. ಹಾಗಾಗಿ ನನ್ನ ತಾಟಿಗೆ ಎರಡೂ ಬಣ್ಣ ಬಿದ್ದವು. ಒಂದು ಅಂಚಿಗೆ ನೀಲಿ, ಎದುರಿನ ಅಂಚಿಗೆ ಗುಲಾಬಿ. ಅದು ದಪ್ಪ ತಾಟು. ನಾವು ಗಂಡ ಹೆಂಡತಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದಾಗ ನನ್ನ ಗಂಡ ಲಾಲಪ್ಪ ಚಿತ್ತಾಪುರದ ಸಂತೆಯಿಂದ ತಂದದ್ದು. ಅವನು ಹೋದ ಮೇಲೂ ನಾನು ಅದರಲ್ಲೇ ಉಣ್ಣುತ್ತಿದ್ದೆ. ಬೊಟ್ಟುಗಳ ಕಡೆ ನಾನು ಲಕ್ಷ್ಯ ಕೊಟ್ಟವಳಲ್ಲ.

ಒಂದು ದಿನ ಲುಂಬಿನಿಯ ಮಗಳು ಪ್ರಜ್ಞಾ, ಒಂದನೇ ಇಯತ್ತೆಯವಳು, ಉಣ್ಣಲು ಕುಳಿತ ನನ್ನ ಪಕ್ಕಕ್ಕೆ ಬಂದು ತಾಟಿನ ಅಂಚಿನ ಮೇಲೆ ಬೆರಳಿಟ್ಟು ಕೇಳಿದಳು.

"ಆಯಿ, ಈ ತಿಂಗಳ ನೀ ಯಾವ ಬಣ್ಣ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೂಸಿನ ಮಾತು. ಆದರೆ ಆ ಬೊಟ್ಟುಗಳನ್ನು ಅಂದೇ ಮೊದಲ ಸಲ ಸರಿಯಾಗಿ ನೋಡಿದೆ. ಚಮಚಕ್ಕೆ ಒಂದು ಬಣ್ಣ, ಡಬ್ಬಿಗೆ ಒಂದು ಬಣ್ಣ, ಹಾಗೆ ನನಗೂ ಒಂದು. ಅಂದಿನಿಂದ ಅನ್ನ ಕಲಸುವಾಗಲೆಲ್ಲ ಕಣ್ಣು ಆ ಬೊಟ್ಟುಗಳಿಗೇ ಹೋಗತೊಡಗಿತು. ಅವನ್ನು ತೆಗೆಯಬೇಕು ಎಂಬುದೊಂದೇ ಮನಸ್ಸಿನಲ್ಲಿ ಕೂತಿತು.

ಬೂದಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿದಂತೆ ಹಚ್ಚಿ ನೋಡಿದೆ, ಹೋಗಲಿಲ್ಲ. ಕುಡುಗೋಲಿನ ತುದಿಯಿಂದ ಕೆರೆದರೆ ತಾಟಿಗೇ ಗೀರು ಬಿತ್ತು. ಲುಂಬಿನಿ ಶಹಾಬಾದದಲ್ಲಿ ಒಂದು ಖಾಸಗಿ ಶಾಲೆಗೆ ಕಲಿಸಲು ಹೋಗುತ್ತಾಳೆ. ಅಲ್ಲಿ ಟೀಚರರ ಉಗುರಿಗೆ ಬಣ್ಣ ಇರಬಾರದು. ಅವಳು ರವಿವಾರ ಹಚ್ಚಿಕೊಂಡದ್ದನ್ನು ಸೋಮವಾರ ಬೆಳಿಗ್ಗೆ ಒಂದು ಬಾಟಲಿಯ ನೀರಿನಿಂದ ಒರೆಸಿಬಿಡುವುದನ್ನು ಎಷ್ಟೋ ಸಲ ನೋಡಿದ್ದೆ. ಕೇಳಿದರೆ ಕೊಡುತ್ತಿದ್ದಳು. ಆದರೆ ಯಾಕೆ ಎಂದೂ ಕೇಳುತ್ತಿದ್ದಳು.

ಶಹಾಬಾದದ ಬಜಾರಿನಲ್ಲಿ ಬಿಬಿಜಾನಳ ಬಳೆ ಅಂಗಡಿ. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಕೈಗೆ ಬಳೆ ಇಟ್ಟವಳು ಅವಳೇ. ಆಟೋದಿಂದ ಇಳಿದು ಹೋಗಿ ಅವಳ ಮುಂದೆ ಕುಳಿತೆ.

"ಬಿಬಿಜಾನ್, ಉಗುರಿನ ಬಣ್ಣ ತೆಗಿಯೋದು ಒಂದು ಕೊಡು. ಸಸ್ತಾದಾಗ ಇರ್ಲಿ."

ಅವಳು ನನ್ನ ಕೈ ಹಿಡಿದು ಉಗುರು ನೋಡಿದಳು. "ಅರೇ, ಬಣ್ಣ ಎಲ್ಲದ ಅನಸುಬಾಯಿ? ಹಚ್ಕೊಳ್ಳೋಕಿಂತ ಮೊದಲ ತೆಗಿಯೋದು ಒಯ್ಲಿಕತ್ತಿಯೇನು?"

"ನನಗಲ್ಲ."

"ಮತ್ಯಾರಿಗಿ?"

"ತಾಟಿಗಿ."

ಅವಳು ನಕ್ಕ ನಗೆಗೆ ಮೇಲೆ ತೂಗುಹಾಕಿದ ಸರಗಳೂ ಅಲ್ಲಾಡಿದವು. "ಯಾ ಅಲ್ಲಾ! ತಾಟಿಗಿ ಯಾವಾಗ ಉಗುರ ಬಂದ್ವು?"

ಇದ್ದದ್ದನ್ನು ಹೇಳಿದೆ. ನಗು ನಿಂತಿತು. ಮತ್ತೇನೂ ಕೇಳದೆ ಎದ್ದು ಹೋಗಿ ನಾಲ್ಕಾರು ನಮೂನೆ ತಂದು ಗಾಜಿನ ಮೇಲಿಟ್ಟಳು.

"ನೋಡು, ಈ ಡಬ್ಬಿ ಒಳಗ ಸ್ಪಂಜ್ ಅದ. ಬೆರಳ ತೂರಿಸಿ ತಿರುವಬೇಕು, ಬಣ್ಣ ಹೋಗ್ತದ. ನಿನ್ನ ತಾಟ ಇದರಾಗ ತೂರಂಗಿಲ್ಲ, ಬಿಡು. ಇವು ಹಸಿ ಕಾಗದ, ಊರಿಗಿ ಹೋಗೋರಿಗಿ ಚಲೋ. ಮುಚ್ಚಳ ಸಡ್ಲ ಬಿಟ್ರ ಒಣಗಿ ಹೋಗ್ತಾವ. ಈ ಗುಲಾಬಿ ಬಣ್ಣದ ನೀರು ನೋಡು, ಇದರಾಗ ಅಸಿಟೋನ್ ಅನ್ನೋ ಘಾಟಿ ಔಷಧಿ ಇಲ್ಲ. ವಾಸನಿ ಕಡಿಮಿ, ಉಗುರೂ ಬಿರುಸಾಗಂಗಿಲ್ಲ. ಖರೇ, ಭಾಳ ಹೊತ್ತು ತಿಕ್ಕಬೇಕು, ರೊಕ್ಕನೂ ಜಾಸ್ತಿ."

ನನ್ನ ಕಣ್ಣು ಮೂಲೆಯಲ್ಲಿದ್ದ ಒಂದು ಬಾಟಲಿಯ ಮೇಲೆ ಬಿತ್ತು. ಎಲ್ಲಕ್ಕಿಂತ ಅಗ್ಗದ್ದು ಅದೇ ಇರಬೇಕು ಎನಿಸಿತು. "ಅದು?"

"ಅದು ನಿನಗ ಕೊಡಂಗಿಲ್ಲ. ಮ್ಯಾಲ ಚೀಟಿನೇ ಇಲ್ಲ. ಒಬ್ಬವ ಬಂದು ಇಟ್ಟು ಹೋಗ್ಯಾನ, ಒಳಗ ಏನು ಸುರವ್ಯಾನೋ ಯಾರಿಗಿ ಗೊತ್ತು? ಉಣ್ಣೋ ತಾಟಿಗಿ ಹಚ್ಚಲಿಕ್ಕ ಹೊಂಟಿ." ಅವಳು ಬೇರೊಂದು ಸಣ್ಣ ಬಾಟಲಿ ಮುಂದೆ ತಳ್ಳಿದಳು. "ಇದು ಒಯ್ಯಿ. ಅಸಿಟೋನಿಂದು. ಎರಡು ಚಾದ ರೊಕ್ಕ ಅಷ್ಟೇ. ದಿನಾ ಹಚ್ಚಿದ್ರ ಉಗುರ ಸುಣ್ಣದಂಗ ಬೆಳ್ಳಗಾಗ್ತಾವ. ಸ್ಟೀಲಿಗಿ ಏನೂ ಆಗಂಗಿಲ್ಲ. ಒಲಿ ಬಾಜೂಕ ಬಿರಡಿ ತೆಗಿಬ್ಯಾಡ, ಭಗ್ಗನ ಹತ್ತತದ. ಪ್ಲಾಸ್ಟಿಕ್ ಕೊಡದ ಮ್ಯಾಲ ಚೆಲ್ಲಬ್ಯಾಡ, ಕರಗ್ತದ. ತಿಕ್ಕಲಿಕ್ಕ ಹೋಗಬ್ಯಾಡ. ಅರಳಿ ತೋಯಿಸಿ ಒತ್ತಿ ಹಿಡಿ, ಸ್ವಲ್ಪ ತಡೆದು ಎಳಿ."

ಬಾಟಲಿಯನ್ನು ಕುಪ್ಪಸದಲ್ಲಿಟ್ಟುಕೊಂಡು ಎದ್ದಾಗ ಅವಳು ಮೆಲ್ಲಗೆ ಕೇಳಿದಳು. "ಬಣ್ಣ ತೆಗದ ಮ್ಯಾಲ ಎಲ್ಲಿ ಉಣ್ತಿ ಅನಸುಬಾಯಿ?"

ಅದನ್ನು ನಾನು ವಿಚಾರ ಮಾಡಿರಲಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಲುಂಬಿನಿ ಶಾಲೆಗೆ, ರಾಧಿಕಾ ಅಂಗನವಾಡಿಗೆ. ಅವಳು ಅಲ್ಲಿ ಸಹಾಯಕಿ. ಎರಡೂ ಒಲೆಗಳಿಂದ ದೂರ, ಬೇವಿನ ಗಿಡದ ಕೆಳಗೆ ಗಾಳಿಯಾಡುವಲ್ಲಿ ಕುಳಿತೆ. ಹಳೆಯ ದಿಂಬಿನಿಂದ ಅರಳೆ ಕಿತ್ತುಕೊಂಡಿದ್ದೆ. ಬಿರಡೆ ತೆಗೆದ ಕೂಡಲೆ ವಾಸನೆ ಮೂಗಿಗೆ ಹೊಡೆಯಿತು. ಹೇಳಿದ್ದನ್ನು ಮರೆತು ಮೊದಲು ಗಸಗಸ ತಿಕ್ಕಿಬಿಟ್ಟೆ. ಗುಲಾಬಿ ಬೊಟ್ಟು ಹೋಗುವ ಬದಲು ಅಂಚಿಗೆಲ್ಲ ಹರಡಿತು. ಅದೇ ಅರಳೆಯನ್ನು ನೀಲಿಯ ಮೇಲಿಟ್ಟಾಗ ಎರಡೂ ಕೂಡಿ ಏಟು ಬಿದ್ದ ಮೈಯ ಬಣ್ಣವಾಯಿತು. ಆಮೇಲೆ ನೆನಪಾಗಿ ಹೊಸ ಅರಳೆ ತೋಯಿಸಿ ಒತ್ತಿ ಹಿಡಿದೆ, ತಡೆದು ಎಳೆದೆ. ಮೇಲಿನ ಪದರ ಬಂತು. ಅದರ ಕೆಳಗೆ ಇನ್ನೊಂದು ಪದರ. ಬಣ್ಣ ಮಾಸಿದಾಗಲೆಲ್ಲ ಅವರು ಅದರ ಮೇಲೇ ಹಚ್ಚುತ್ತ ಬಂದಿದ್ದರು. ಅವಸರ ಮಾಡಲಿಲ್ಲ. ಒತ್ತುವುದು, ತಡೆಯುವುದು, ಎಳೆಯುವುದು.

ಬೊಟ್ಟು ಇದ್ದಲ್ಲಿ ಸ್ಟೀಲು ಹೊಸದರಂತೆ ಥಳಥಳ ಹೊಳೆಯಿತು. ಇಷ್ಟು ವರ್ಷ ತಿಕ್ಕಿಸಿಕೊಳ್ಳದೆ ಉಳಿದಿದ್ದ ಜಾಗ. ಇಡೀ ಅಂಚನ್ನು ಬೂದಿಯಿಂದ ತಿಕ್ಕಿ ಒಂದೇ ಸಮ ಮಾಡಿದೆ. ಉಣ್ಣುವ ತಾಟಲ್ಲವೇ, ಸಾಬೂನು ಹಾಕಿ ಎರಡೆರಡು ಸಲ ತೊಳೆದು, ಮೂಗಿಗೆ ಹಿಡಿದು ನೋಡಿ, ವಾಸನೆ ಹೋದ ಮೇಲೆ ಬಿಸಿಲಿಗಿಟ್ಟೆ. ನನ್ನ ಬೆರಳ ತುದಿ ಒಣಗಿ ಬಿಳಿಚಿಕೊಂಡಿತ್ತು. ಕೊಬ್ಬರಿ ಎಣ್ಣೆ ಸವರಿಕೊಂಡೆ.

ಸಂಜೆ ಪಾತ್ರೆ ತೊಳೆಯುವಾಗ ರಾಧಿಕಾಳ ಕೈ ತಾಟಿನ ಮೇಲೆ ನಿಂತಿತು. ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು.

"ಲುಂಬಿನಿ, ಬಾ ಇಲ್ಲಿ. ಇದೇನಿದು?"

"ಏನಕ್ಕ?"

"ಬಣ್ಣ ಎಲ್ಲಿ? ಅದನ್ನ ತೆಗಿಯೋ ಬಾಟ್ಲಿ ಈ ಮನ್ಯಾಗ ನಿನ್ನ ಹತ್ರನೇ ಇರೋದು. ಬರೋ ತಿಂಗಳ ಅತ್ತಿಗಿ ಹಾಕಬೇಕಾಗ್ತದ ಅಂತ ಈಗೇ ಅಳಿಸಿ ಕುಂತಿಯೇನು?"

ಲುಂಬಿನಿಯ ಮುಖ ಕೆಂಪಾಯಿತು. "ನನ್ನ ಬಣ್ಣ ಅಳಿಸೋದಿದ್ರ ನನ್ನದೊಂದೇ ಅಳಿಸ್ತಿದ್ದೆ ಅಕ್ಕ. ನಿಂದ್ಯಾಕ ಮುಟ್ಟಲಿ? ನೀನೇ ಎರಡೂ ಅಳಿಸಿ ನನ್ನ ಮ್ಯಾಲ ಹಾಕ್ಲಿಕತ್ತಿ. ಅತ್ತಿ ಭಾರ ಆಗಿದ್ರ ಬಾಯಿ ಬಿಟ್ಟು ಹೇಳು, ಹನ್ನೆರಡೂ ತಿಂಗಳ ನಾ ನೋಡ್ಕೋತೀನಿ."

"ಓಹೋ! ನೀ ಒಬ್ಬಾಕಿನೇ ಸೊಸಿ ಬಂದಿ ಈ ಮನಿಗಿ!"

ಒಳಗಿದ್ದ ನನಗೆ ಎಲ್ಲ ಕೇಳುತ್ತಿತ್ತು. ಬಾಟಲಿ ಹಿಡಿದುಕೊಂಡು ಹೊರಗೆ ಬಂದೆ. "ನಾನೇ ಅಳಿಸೀನಿ. ನೀವು ಬಾಯಿ ಹರಕೊಳ್ಳಬ್ಯಾಡ್ರಿ."

ಇಬ್ಬರೂ ಬಾಟಲಿ ನೋಡಿದರು, ನನ್ನನ್ನು ನೋಡಿದರು. "ಯಾಕತ್ತಿ?" ಎಂದಳು ಲುಂಬಿನಿ.

"ಪಾತ್ರಿಗಿ ಗುರ್ತ ಬೇಕು, ಇರ್ಲಿ. ನನಗ ಬ್ಯಾಡ. ಕೂಸು ನನ್ನ ಬಣ್ಣ ಕೇಳಿದಾಗಿಂದ ಮನಸಿಗಿ ಸಮಾಧಾನಿಲ್ಲ. ಇನ್ ಮ್ಯಾಲ ನನಗ ತಿಂಗಳಾ ಎಣಿಸಬ್ಯಾಡ್ರಿ. ಹಸಿವಾದಾಗ ಎತ್ತ ಮನಸಾಗ್ತದ ಅತ್ತ ಬಂದು ಉಣ್ತೀನಿ."

ರಾಧಿಕಾ ತಾಟನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು. "ಅಂದ್ರ ನಾ ಮಾಡಿದ್ದು ಸೇರಂಗಿಲ್ಲೇನು?" ಎಂದು ಗೊಣಗಿ ಒಳಗೆ ಹೋದಳು.

ಒಂದಷ್ಟು ದಿನ ಚೆನ್ನಾಗಿ ನಡೆಯಿತು. ಪುಂಡಿಪಲ್ಯದ ವಾಸನೆ ಬಂದರೆ ಆಚೆ, ರೊಟ್ಟಿಗೆ ಶೇಂಗಾ ಹಿಂಡಿ ಕುಟ್ಟುವ ಸಪ್ಪಳ ಕೇಳಿದರೆ ಈಚೆ. ಆದರೆ ಇಬ್ಬರ ಬುಟ್ಟಿಯಲ್ಲೂ ರೊಟ್ಟಿ ಉಳಿಯತೊಡಗಿತು. "ಅಲ್ಲಿ ಉಂಡ್ರಾ? ಹೇಳಬಾರದೇನತ್ತಿ? ನಾ ಸುಮ್ನ ಹೆಚ್ಚಿಗಿ ಬಡದೆ" ಎಂದು ಒಮ್ಮೆ ಇವಳು, ಒಮ್ಮೆ ಅವಳು. ಆಮೇಲೆ ಇಬ್ಬರೂ ಹೆಚ್ಚಿಗೆ ಬಡಿಯುವುದನ್ನು ಬಿಟ್ಟರು.

ಒಂದು ಮಧ್ಯಾಹ್ನ ತಾಟು ಹಿಡಿದು ರಾಧಿಕಾಳ ಅಡುಗೆಮನೆಗೆ ಹೋದೆ. ಬುಟ್ಟಿಯಲ್ಲಿ ರೊಟ್ಟಿ ಸುತ್ತುವ ಬಟ್ಟೆ ಮಾತ್ರ ಇತ್ತು. ಈಚೆ ಬಂದು ಲುಂಬಿನಿಯ ಬುಟ್ಟಿ ತೆರೆದೆ. ಅಲ್ಲಿಯೂ ಇಲ್ಲ. ಅಂಗಳದ ನಡುವೆ ನಿಂತೆ. ಎಲ್ಲಿ ಉಣ್ತಿ ಎಂದಿದ್ದ ಬಿಬಿಜಾನಳ ಮಾತು ನೆನಪಾಯಿತು.

ಸಿಟ್ಟು ಯಾರ ಮೇಲೆ ಮಾಡುವುದು? ಇವಳು ಅವಳನ್ನು ನಂಬಿದ್ದಳು, ಅವಳು ಇವಳನ್ನು. ಬಣ್ಣ ಬೇಡ ಎಂದವಳು ನಾನು. ಅದು ಇದ್ದಾಗ ಕಡೆಗೆ ಇಂಥವರ ಬುಟ್ಟಿಯಲ್ಲಿ ನನ್ನ ರೊಟ್ಟಿ ಇದೆ ಎಂಬುದಾದರೂ ಗೊತ್ತಿರುತ್ತಿತ್ತು. ಮತ್ತೆ ಹಚ್ಚಿಸಿಕೊಳ್ಳಲೇ ಎಂದುಕೊಂಡೆ. ನೆರಳಿನಲ್ಲಿ ಬಹಳ ಹೊತ್ತು ಕುಳಿತೆ. ಹೊಟ್ಟೆ ಸುಮ್ಮನಿರಲಿಲ್ಲ.

ಆಗ ಹೊಳೆದದ್ದೆಂದರೆ, ನಾನು ರೊಟ್ಟಿ ಬಡಿಯದೆ ವರ್ಷಗಳೇ ಆಗಿದ್ದವು. ಒಲೆಗಳು ಎರಡಾದ ದಿನದಿಂದ, ಯಾರ ಒಲೆಯ ಮುಂದೆ ಕುಳಿತರೂ ಇನ್ನೊಬ್ಬಳಿಗೆ ಬೇಜಾರಾದೀತು ಎಂದು ನಾನು ಅಡುಗೆಯನ್ನೇ ಬಿಟ್ಟಿದ್ದೆ. ಅವರೂ ಮಾಡು ಎನ್ನಲಿಲ್ಲ. ವಯಸ್ಸಾದವಳಿಗೆ ಕುಳಿತು ಉಣ್ಣುವುದೇ ಮರ್ಯಾದೆ ಎಂದುಕೊಂಡಿದ್ದರು.

ಹಿತ್ತಲಿನ ಬಾಜೂಕೆ ಸ್ನಾನದ ನೀರು ಕಾಯಿಸುವ ಕಲ್ಲಿನ ಒಲೆ ಇದೆ. ಅದು ಯಾರದೂ ಅಲ್ಲ. ಅದಕ್ಕೆ ತೊಗರಿಕಟ್ಟಿಗೆ ಒಟ್ಟಿ ಬೆಂಕಿ ಮಾಡಿದೆ. ರಾಧಿಕಾಳ ಡಬ್ಬಿಯಿಂದ ಜೋಳದ ಹಿಟ್ಟು, ಲುಂಬಿನಿಯ ಡಬ್ಬಿಯಿಂದ ತೊಗರಿಬೇಳೆ ತೆಗೆದೆ. ಬೇಳೆ ಕುದಿಯಿತು. ಮೊದಲನೆಯ ರೊಟ್ಟಿ ಬಡಿಯುವಾಗ ಅಂಚೆಲ್ಲ ಸೀಳಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. ಅಲ್ಲಿಂದ ಕೈಗೆ ತಾಳ ಸಿಕ್ಕಿತು. ಒಂದೇ ತಾಟಿಗೆ ಎಷ್ಟು ಹಿಟ್ಟು ಎಂಬುದು ನನ್ನ ಕೈಗೆ ಎಂದೂ ಗೊತ್ತಿದ್ದದ್ದಲ್ಲ. ಹಿಟ್ಟು ಮುಗಿಯುವವರೆಗೆ ಬಡಿದೆ.

ರಾಧಿಕಾ ಮೊದಲು ಬಂದಳು. ಹೊಗೆ ನೋಡಿ ಓಡಿ ಬಂದವಳು ನನ್ನನ್ನು ಕಂಡು ನಿಂತುಬಿಟ್ಟಳು.

"ಏನ್ ಮಾಡಲಿಕತ್ತೀರಿ ಅತ್ತಿ? ಲುಂಬಿನಿ ಮಾಡಿಟ್ಟು ಹೋಗಿಲ್ಲೇನು?" ಕೇಳುತ್ತಿದ್ದಂತೆಯೇ ಅವಳಿಗೆ ಅರ್ಥವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಳಿತಳು.

"ಅಳಬ್ಯಾಡ. ಕೈಕಾಲ ತೊಳಕೊಂಡು ಬಾ, ರೊಟ್ಟಿ ಬಿಸಿ ಅವ."

ಅಷ್ಟರಲ್ಲಿ ಲುಂಬಿನಿ ಮಗಳನ್ನು ಕರೆದುಕೊಂಡು ಬಂದಳು. "ಅಕ್ಕ ಮಾಡಿರ್ತಾಳ ಅಂದ್ಕೊಂಡಿದ್ದೆ ಅತ್ತಿ," ಎಂದು ರಾಧಿಕಾಳ ಕಡೆ ನೋಡಿದಳು.

"ಗೊತ್ತದ. ಕುಂದ್ರು."

ಅಂಗಳದಲ್ಲೇ ಕುಳಿತು ಉಂಡೆವು. ಪ್ರಜ್ಞಾ ಸೀಳಿದ ರೊಟ್ಟಿಯೇ ಬೇಕೆಂದು ಹಟ ಮಾಡಿ ಇಸಿದುಕೊಂಡಳು. ರಾಧಿಕಾ ಬೇಳೆಯಲ್ಲಿ ಒಂದು ತುತ್ತು ಅದ್ದಿ ಬಾಯಿಗಿಟ್ಟು, ತಡೆದು, ಇನ್ನೊಂದು ತುತ್ತು ಇಟ್ಟಳು.

"ಅತ್ತಿ, ಉಪ್ಪ ಜಾಸ್ತಿ ಆಗ್ಯಾದ."

ಲುಂಬಿನಿ ಅವಳನ್ನು ಮೊಣಕೈಯಿಂದ ತಿವಿದಳು. "ಇವತ್ತರ ಸುಮ್ನಿರು ಅಕ್ಕ!"

"ಆಗಿದ್ದು ಆಗ್ಯಾದ, ಸುಳ್ಳ್ಯಾಕ ಹೇಳಲಿ?"

"ಆಗಿರಬೇಕು," ಎಂದೆ. "ನಾಳಿಗಿ ಕಡಿಮಿ ಹಾಕ್ತೀನಿ."

ಇಬ್ಬರೂ ಉಣ್ಣುವುದನ್ನು ನಿಲ್ಲಿಸಿದರು. "ನಾಳಿಗಿನೂ ನೀವೇ ಮಾಡ್ತೀರೇನು?" ಎಂದಳು ಲುಂಬಿನಿ.

"ಮಧ್ಯಾಹ್ನದ್ದು ನಂದು. ಮುಂಜಾನಿ, ಸಂಜಿ ನೀವು ನಿಮ್ಮ ನಿಮ್ಮ ಒಲಿ ನೋಡ್ಕೋರಿ. ಸಂಜಿಗಿ ಯಾರ ಮೊದಲ ಕರೀತೀರಿ ಅವರ ಕಡಿ ಬರ್ತೀನಿ. ಮಧ್ಯಾಹ್ನ ಮಾತ್ರ ಕೆಲಸ ಮುಗಿಸಿ ಬಂದು ಎಲ್ಲಾರೂ ಇಲ್ಲೇ. ಹಿಟ್ಟ ಯಾರದು, ಬ್ಯಾಳಿ ಯಾರದು ಅಂತ ಕೇಳಬ್ಯಾಡ್ರಿ."

ಲುಂಬಿನಿ ನನ್ನ ಕೈ ನೋಡಿ, "ಸುಟ್ಕೊಂಡೀರಲ್ಲತ್ತಿ," ಎಂದಳು. ನಿಜ, ಹಂಚಿನ ಅಂಚು ತಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ರಾಧಿಕಾ ಕೈ ತೊಳೆದುಕೊಂಡು ಒಲೆಯ ಹತ್ತಿರ ಹೋದಳು. ಹೊಗೆಯಾಡುತ್ತಿದ್ದ ಕಟ್ಟಿಗೆಯೊಂದನ್ನು ಎಳೆದು ನೆಲಕ್ಕೆ ಬಡಿದು ಆರಿಸಿ, ತುದಿಯನ್ನು ಬೆರಳಿಂದ ಒತ್ತಿ ನೋಡಿದಳು.

"ಈ ಕಟಗಿ ಹಸಿ ಅದ ಅತ್ತಿ, ಕಣ್ಣಿಗಿ ಹೊಗಿ ಬಡೀತದ. ಇವರು ಬಂದ ಮ್ಯಾಲ ಒಣಾವು ತರಸ್ತೀನಿ. ನಾಳಿನ ರೊಟ್ಟಿಗಿ ಅವನ್ನೇ ಒಟ್ಟರಿ."