ನಲವತ್ತೈದು ಡಾಲರಿನ ಸಿಂಹತಲೆ

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಫುಂಗ್-ಯಿಂಗ್ ತನ್ನ ಸಾಕುಮೀನಿನ ಅಂಗಡಿಯ ಬಾಗಿಲಲ್ಲಿ, ನೀರು ಗಾಳಿ ತುಂಬಿ ಕಟ್ಟಿದ ಮೀನಿನ ಪ್ಲಾಸ್ಟಿಕ್ ಚೀಲಗಳನ್ನು ಕೊಕ್ಕೆಗೆ ನೇತುಹಾಕುತ್ತಿದ್ದಳು. ಆಗ ನರೆಗೂದಲಿನ ಹೆಂಗಸೊಬ್ಬಳು ಅವಳ ಮೊಣಕೈ ಕೆಳಗಿಂದಲೇ ಒಳಗೆ ನುಗ್ಗಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕುಕ್ಕಿದಳು. ಮುಚ್ಚಳ ತೆಗೆದರೆ ನಾಲ್ಕು ಸತ್ತ ಗೋಲ್ಡ್‌ಫಿಶ್. ಮೈಮೇಲೆಲ್ಲ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ.

"ಈ ಮೂರು ನಿನ್ನವು. ಈ ದೊಡ್ಡದು ನಂದು. ಹನ್ನೊಂದು ವರ್ಷ ಸಾಕಿದ್ದೆ. ನಿನ್ನವು ನನ್ನ ತೊಟ್ಟಿಗೆ ಇಳಿದು ಆರು ದಿನಕ್ಕೆ ಎಲ್ಲ ಮುಗೀತು. ಸಾಕ್ಷಿಗೆ ಅಂತ ಫ್ರಿಜ್ಜಲ್ಲಿ ಇಟ್ಟಿದ್ದೆ."

"ನಿಮ್ಮ ಮುಖಾನೇ ನಾನು ನೋಡಿಲ್ಲಮ್ಮ. ಹೆಣ ತಗೊಂಡು ಆಚೆ ನಡೀರಿ. ವ್ಯಾಪಾರದ ಹೊತ್ತು."

"ನನ್ನ ಮುಖ ನೋಡಿಲ್ಲ, ಸರಿ. ಇದನ್ನ ನೋಡಿದ್ದೀಯಾ?" ಹೆಂಗಸು ಮೊಬೈಲನ್ನು ಅವಳ ಮೂಗಿಗೇ ಹಿಡಿದಳು.

ಅದರಲ್ಲಿ ಒಂದು ಮಾರಾಟದ ಪುಟ: ಕೇಸರದಂತೆ ತಲೆ ಉಬ್ಬಿದ, ಕೊಬ್ಬಿದ ಕೆಂಪು ಸಿಂಹತಲೆ ಗೋಲ್ಡ್‌ಫಿಶ್‌ಗಳ ಫೋಟೋ. ಕೆಳಗೆ 'ಸಾಕಣೆಗಾರರಿಂದಲೇ ನೇರ, ಒಂದಕ್ಕೆ ನಲವತ್ತೈದು ಡಾಲರ್' ಎಂಬ ಒಕ್ಕಣೆ. ಗಾಜಿನ ತೊಟ್ಟಿಯ ಎಡಮೂಲೆಯಲ್ಲಿ ಸೀಳಿಗೆ ಬಳಿದ ಕಪ್ಪು ಗೋಂದು, ಅದರ ಮೇಲೆ ಹೊಸ ವರ್ಷಕ್ಕೆ ಅಂಟಿಸಿದ, ಅರ್ಧ ಹರಿದ ಕೆಂಪು ಕಾಗದ. ಫುಂಗ್-ಯಿಂಗ್ ತಿರುಗಿ ನೋಡಿದಳು. ಅದೇ ತೊಟ್ಟಿ, ಅದೇ ಗೋಂದು, ಅದೇ ಕಾಗದ. ಮೀನೂ ಅವೇ. ಅವು ಇಲ್ಲೇ ಈಜಾಡುತ್ತಿವೆ. ಅವಳು ಒಂದಕ್ಕೆ ಹೇಳುವ ಬೆಲೆ ನೂರ ಇಪ್ಪತ್ತು.

"ಬೀದಿಯ ಈ ತುದಿಯಿಂದ ಆ ತುದಿವರೆಗೆ ಒಂದೊಂದು ತೊಟ್ಟೀನೂ ನೋಡ್ಕೊಂಡು ಬಂದೆ," ಎಂದಳು ಹೆಂಗಸು. ಅವಳ ಹೆಸರು ಮಾನ್ ಸೌ-ಹಾ. ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ನಿವೃತ್ತಳಾದವಳು. ಒಂದು ಸುಕ್ಕನ್ನೂ ಬಿಡದ ಕಣ್ಣು. "ಎರಡು ದಿನ ಹಿಡೀತು. ಈಗ ಹೇಳು, ಈ ಪುಟ ನಡೆಸೋದು ನೀನಾ, ನಿನ್ನ ಗಂಡನಾ?"

ಗಂಡನೆಂಬವನು ಫುಂಗ್-ಯಿಂಗ್‌ಗೆ ಇರಲಿಲ್ಲ. ಆದರೆ ಹಳದಿ ಜಾಕೆಟ್ಟಿನ ಒಬ್ಬ ಗಿರಾಕಿ ನೆನಪಾದ. ಪ್ರತಿ ವಾರ ಬರುತ್ತಿದ್ದ. ನೀರಿಗೆ ಉಪ್ಪು ಎಷ್ಟು ಹಾಕಬೇಕು, ಯಾವ ಮೀನಿನ ಬೆನ್ನು ಸರಿ, ಯಾವುದರ ಬಾಲ ಸೊಟ್ಟ ಎಂದೆಲ್ಲ ಕೇಳಿ, ಫೋಟೋ ಹೊಡೆದು, ಒಂದು ಹಿಡಿ ಮೇವನ್ನೂ ಕೊಳ್ಳದೆ ಹೋಗುತ್ತಿದ್ದ. ಜಿಪುಣ ಎಂದುಕೊಂಡಿದ್ದಳು. ಅವನು ಹೊಗಳುತ್ತಿದ್ದುದರಿಂದ ಬಾಯಿ ತುಂಬ ಉತ್ತರವನ್ನೂ ಕೊಡುತ್ತಿದ್ದಳು.

ಮೈ ಉರಿದುಹೋಯಿತು. ಅಲ್ಲೇ ನಿಂತು, ತನ್ನದೇ ಮೊಬೈಲಿನಿಂದ, ಬೇರೆ ಹೆಸರಿನಲ್ಲಿ ಎರಡು ಸಿಂಹತಲೆಗೆ ಆರ್ಡರ್ ಕಳಿಸಿದಳು. ಐದು ನಿಮಿಷಕ್ಕೆ ಉತ್ತರ ಬಂತು: ಇವತ್ತೇ ಮಧ್ಯಾಹ್ನ ಮೂರು ಗಂಟೆ, ಪ್ರಿನ್ಸ್ ಎಡ್ವರ್ಡ್ ಮೆಟ್ರೋ ನಿಲ್ದಾಣ, ಟಿಕೆಟ್ ಗೇಟಿನ ಹೊರಗೆ.

"ನಾನೂ ಬರ್ತೀನಿ," ಎಂದಳು ಸೌ-ಹಾ.

"ನೀವು ಯಾಕೆ? ಅಗ್ಗಕ್ಕೆ ಬಾಯಿ ಬಿಟ್ಟಿದ್ದಕ್ಕೆ ಶಿಕ್ಷೆ ಆಯ್ತಲ್ಲ."

"ಹೌದಮ್ಮ, ಅಗ್ಗಕ್ಕೇ ಹೋದೆ. ನೂರ ಇಪ್ಪತ್ತು ಅಂತೀಯಲ್ಲ, ನಿನ್ನ ಮೀನು ಹಾಡುತ್ತಾ?"

ಪಕ್ಕದ ಅಂಗಡಿಯ ಮುದುಕ ಪೂನ್‌ಗೆ ಅಂಗಡಿ ನೋಡಿಕೊಳ್ಳಲು ಹೇಳಿ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಒಬ್ಬಳು ಫುಟ್‌ಪಾತಿನ ಆ ಅಂಚು, ಇನ್ನೊಬ್ಬಳು ಈ ಅಂಚು.

ಮೂರಕ್ಕೆ ಸರಿಯಾಗಿ ಅವನು ಬಂದ. ಅದೇ ಹಳದಿ ಜಾಕೆಟ್, ಹೆಗಲಲ್ಲಿ ದಪ್ಪ ಥರ್ಮೋಕೋಲ್ ಪೆಟ್ಟಿಗೆ. ಆಗಲೇ ಮೂರು ಜನ ಕಾಯುತ್ತಿದ್ದರು. ಪೆಟ್ಟಿಗೆ ಇಳಿಸಿ ತಲೆ ಎತ್ತಿದವನ ಎದುರಿಗೇ ಫುಂಗ್-ಯಿಂಗ್.

"ಸಾಕಣೆಗಾರರೇ, ನಮಸ್ಕಾರ. ನನ್ನ ತೊಟ್ಟೀಲಿ ನಿಮ್ಮ ಮೀನು ಚೆನ್ನಾಗಿದಾವಾ?"

ಅವನ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ಹಲ್ಲು ಬಿಟ್ಟ. "ಓ, ಓನರಮ್ಮಾ! ಫೋಟೋಗೂ ದುಡ್ಡು ಕೊಡ್ಬೇಕಿತ್ತಾ? ಬೋರ್ಡ್ ಹಾಕಿರ್ಲಿಲ್ಲ."

ಸೌ-ಹಾ ಮಾತಿಗೆ ಕಾಯಲಿಲ್ಲ. ಬಗ್ಗಿ ಪೆಟ್ಟಿಗೆಯ ಮುಚ್ಚಳ ಕಿತ್ತು, ಒಂದು ಚೀಲ ಎತ್ತಿ ದೀಪಕ್ಕೆ ಹಿಡಿದಳು. ಬಡಕಲು ಮೀನು ಒಂದು ಪಕ್ಕಕ್ಕೆ ವಾಲಿಕೊಂಡು ಬಾಯಿ ಕಳೆಯುತ್ತಿತ್ತು. ರೆಕ್ಕೆಯ ತುಂಬ ಚುಕ್ಕೆ.

"ನೋಡ್ರಪ್ಪ, ಚೆನ್ನಾಗಿ ನೋಡ್ಕೊಳ್ಳಿ," ಎಂದು ಕಾಯುತ್ತಿದ್ದವರ ಕಡೆ ತಿರುಗಿದಳು. "ನನ್ನ ಮನೇಲಿ ನಾಲ್ಕು ಸತ್ತಿದೆ. ನಿಮ್ಮ ಮನೇಲಿ ಎಷ್ಟು ಸಾಯ್ಬೇಕು?"

ಇಬ್ಬರು ಗೇಟಿನ ಕಡೆ ನಡೆದುಬಿಟ್ಟರು. ಮೂರನೆಯವನು ಮೊದಲೇ ಕಳಿಸಿದ್ದ ಹಣ ವಾಪಸ್ಸು ಕೊಡು ಎಂದು ಅವನ ತೋಳು ಹಿಡಿದ. ಹಳದಿ ಜಾಕೆಟ್ಟಿನವನು ಬೈಯುತ್ತಲೇ ಮೊಬೈಲಿನಲ್ಲಿ ಹಣ ಹಿಂತಿರುಗಿಸಿದ. ಸೌ-ಹಾ ಕೂಡ ತನ್ನ ಮೂರು ಮೀನಿನ ಹಣ ಬಂದ ಸದ್ದು ಕೇಳುವವರೆಗೂ ಪೆಟ್ಟಿಗೆಯ ಮೇಲಿಟ್ಟ ಕಾಲು ತೆಗೆಯಲಿಲ್ಲ.

ಫುಂಗ್-ಯಿಂಗ್ ಗೆದ್ದೆನೆಂದುಕೊಂಡಳು. "ಕಳ್ಳ! ಬಂದ ಮೀನನ್ನ ಎರಡು ವಾರ ಬೇರೆ ನೀರಲ್ಲಿಟ್ಟು ನೋಡ್ಬೇಕು ಅಂತ ನಾನೇ ನಿನಗೆ ಹೇಳ್ಕೊಟ್ಟಿದ್ದೆ. ಅಷ್ಟೂ ಮಾಡೋ ಯೋಗ್ಯತೆ ಇಲ್ಲ."

ಪೆಟ್ಟಿಗೆ ಹೆಗಲಿಗೇರಿಸುತ್ತಿದ್ದವನು ತಿರುಗಿದ. ನಗು ಮಾಯವಾಗಿತ್ತು.

"ನೀವು ಮಾಡ್ತೀರಾ? ಪ್ರತಿ ವಾರ ಬಂದು ಗೋಡೆ ನೋಡ್ತಿದ್ನಾ ನಾನು? ಲಾರಿ ಗುರುವಾರ ಬರುತ್ತೆ, ಶನಿವಾರ ಅವೇ ಮೀನು ನಿಮ್ಮ ಬಾಗಿಲಲ್ಲಿ ನೇತಾಡ್ತವೆ. ನಿಮ್ಮ ಲಾರಿ ಬರೋ ಸಾಕಣೆಯಿಂದಾನೇ ನನ್ನದೂ ಬರೋದು. ನಾನು ಕಳ್ಳನಾದ್ರೆ ನೀವು ಬಾಡಿಗೆ ಕಟ್ಟೋ ಕಳ್ಳಿ. ಅಷ್ಟೇ ವ್ಯತ್ಯಾಸ."

ಹೇಳಿ ಗೇಟು ದಾಟಿ ಮೆಟ್ಟಿಲಿಳಿದು ಹೋದ. ಅವನ ಪುಟ ಸಂಜೆಯೊಳಗೆ ಅಳಿಸಿಹೋಗಿತ್ತು. ವಾರ ಕಳೆಯುವುದರೊಳಗೆ ಇನ್ನೊಂದು ಹೆಸರಿನಲ್ಲಿ, ಇನ್ಯಾರದೋ ತೊಟ್ಟಿಯ ಫೋಟೋದೊಂದಿಗೆ ಮತ್ತೆ ತಲೆಯೆತ್ತಿತು.

ಗೇಟಿನ ಹೊರಗೆ ಇಬ್ಬರೇ ಉಳಿದರು. ಸೌ-ಹಾ ಅವಳನ್ನೇ ನೋಡುತ್ತಿದ್ದಳು.

"ಬೆಳಗ್ಗೆ ನೇತುಹಾಕ್ತಿದ್ದೆಯಲ್ಲ, ಆ ಮೀನು ಯಾವತ್ತು ಬಂದಿದ್ದು?"

ಫುಂಗ್-ಯಿಂಗ್ ಸುಳ್ಳು ಹೇಳಲು ಬಾಯಿ ತೆರೆದಳು. ಏಕೋ ಬರಲಿಲ್ಲ. "ಗುರುವಾರ."

"ಥೂ. ಅವನ ಹತ್ರ ಅಗ್ಗದ ಸಾವು, ನಿನ್ನ ಹತ್ರ ದುಬಾರಿ ಸಾವು."

"ನನ್ನ ಅಪ್ಪ ಅಂಗಡಿ ನಡೆಸ್ತಿದ್ದಾಗ ಎರಡು ವಾರ ಇಡ್ತಿದ್ರು. ಆಗ ಹಿಂದಿನ ಕೋಣೇನೂ ನಮ್ಮದಾಗಿತ್ತು. ಈಗಿನ ಬಾಡಿಗೆ ನಿಮಗೇನು ಗೊತ್ತು?"

"ನನ್ನ ಮೀನಿಗೂ ಗೊತ್ತಿರ್ಲಿಲ್ಲ, ಪಾಪ," ಎಂದು ಸೌ-ಹಾ ಬೆನ್ನು ತಿರುಗಿಸಿ ಹೊರಟಳು.

ಫುಂಗ್-ಯಿಂಗ್ ಒಬ್ಬಳೇ ಮರಳಿದಳು. ಬಾಗಿಲ ತುಂಬ ಚೀಲಗಳು ಹೊಳೆಯುತ್ತಿದ್ದವು. ಶನಿವಾರದ ಜನ ಬೀದಿಯಲ್ಲಿ ಕಿಕ್ಕಿರಿದಿದ್ದರು. ಆ ಕಳ್ಳನ ಮಾತಿಗಿಂತ ಆ ಮುದುಕಿಯ ಮಾತು ಹೆಚ್ಚು ಚುಚ್ಚಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಅಪ್ಪನ ಹೆಸರನ್ನು ನೆಪಕ್ಕೆ ಎಳೆದು ತಂದ ತನ್ನದೇ ಬಾಯಿ. ಒಂದೊಂದಾಗಿ ಚೀಲ ಕೆಳಗಿಳಿಸಿದಳು. ಮೇವಿನ ಡಬ್ಬಿಗಳ ಕಪಾಟನ್ನೆಲ್ಲ ಖಾಲಿ ಮಾಡಿ, ಅಲ್ಲಿ ಮೂರು ನೀಲಿ ಟಬ್ಬುಗಳನ್ನಿಟ್ಟು, ಉಪ್ಪು ಕದಡಿ, ಮೀನು ಬಿಟ್ಟಳು.

"ಹುಚ್ಚು ಹಿಡೀತಾ?" ಎಂದ ಪೂನ್. "ಶನಿವಾರ ಬಾಗಿಲು ಬೋಳು ಮಾಡ್ಕೊಂಡು ಕೂತಿದ್ದೀಯ!"

"ನಿಮ್ಮ ಮೀನು ನೀವು ಮಾರ್ಕೊಳ್ಳಿ, ಮಾವ. ನನ್ನ ತಂಟೆಗೆ ಬರ್ಬೇಡಿ."

ಆ ಟಬ್ಬುಗಳಲ್ಲಿ ಐದನೇ ದಿನ ಚುಕ್ಕೆ ಕಾಣಿಸಿಕೊಂಡಿತು. ಹದಿನೇಳು ಮೀನು ಸತ್ತವು. ಉಳಿದವಕ್ಕೆ ಔಷಧಿ ಹಾಕಿದಳು. ಎರಡು ವಾರ ಅನ್ನುವುದು ನಾಲ್ಕಾಯಿತು. ಮೀನು ಬಂದ ತಾರೀಖು ಬರೆದು ಟಬ್ಬಿಗೆ ಅಂಟಿಸುವ ರೂಢಿ ಆಗ ಶುರುವಾದದ್ದು. ಟಬ್ಬುಗಳು ಜಾಗ ತಿಂದದ್ದರಿಂದ ಮೊದಲಿನಷ್ಟು ಮೀನು ಇಡಲಾಗದೆ, ಅರ್ಧ ಜಾತಿಗಳನ್ನು ತರಿಸುವುದನ್ನೇ ಬಿಟ್ಟಳು. ಬೇಗ ಸಾಯುವ ಆಡಂಬರದ ಮೀನು ಬಿಟ್ಟು, ಸಿಂಹತಲೆಯಂಥ ಬಾಳುವ, ಬೇಗ ಬಿಕರಿಯಾಗುವ ಜಾತಿಗಳನ್ನೇ ಇಟ್ಟದ್ದರಿಂದ ಸಿಂಹತಲೆಯ ಬೆಲೆಯನ್ನು ಎಂಬತ್ತಕ್ಕೆ ಇಳಿಸಲು ಸಾಧ್ಯವಾಯಿತು. ಅದಕ್ಕಿಂತ ಕೆಳಗೆ ಇಳಿಸಲು ಬಾಡಿಗೆ ಬಿಡಲಿಲ್ಲ.

ಐದನೇ ವಾರ ಸೌ-ಹಾ ಬಂದಳು. ನಗಲಿಲ್ಲ, ಕುಶಲ ಕೇಳಲಿಲ್ಲ. ಟಬ್ಬಿನ ತಾರೀಖು ಓದಿ, ಅದೇ ಶಾಯಿಯೋ ಹೊಸದಾಗಿ ತಿದ್ದಿದ್ದೋ ಎಂದು ಉಗುರಿನಲ್ಲಿ ಕೆರೆದು ನೋಡಿದಳು. ಅರ್ಧ ಗಂಟೆ ಬಗ್ಗಿ ನಿಂತು ಒಂದು ಸಿಂಹತಲೆಯ ಕಡೆ ಬೆರಳು ತೋರಿಸಿದಳು.

"ಅರವತ್ತು."

"ಎಂಬತ್ತು."

"ನಿನ್ನಿಂದಾಗಿ ನನ್ನ ಮೀನು..."

"ನನ್ನಿಂದಲ್ಲ. ಎಂಬತ್ತು. ಬೇಡದಿದ್ರೆ ಟಬ್ಬಿನ ಮೇಲೆ ನೆರಳು ಹಾಕ್ಬೇಡಿ, ಆ ಕಡೆ ನಿಲ್ಲಿ."

ಸೌ-ಹಾ ಹಣ ಎಸೆದಂತೆ ಇಟ್ಟು, ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹೋದಳು. ಆ ಮೀನು ಬದುಕಿತೋ ಸತ್ತಿತೋ ಎಂದು ಫುಂಗ್-ಯಿಂಗ್ ಬಹಳ ದಿನ ಮನಸ್ಸಿನಲ್ಲೇ ಕೇಳಿಕೊಂಡಳು. ಆದರೆ ಆ ಹೆಂಗಸನ್ನು ಹುಡುಕಿಕೊಂಡು ಹೋಗಿ ಕೇಳುವಷ್ಟು ಸೋಲಲು ಅವಳು ತಯಾರಿರಲಿಲ್ಲ.

ಮೂರು ತಿಂಗಳ ಮೇಲೆ ಹೊಸದಾಗಿ ಮದುವೆಯಾದ ದಂಪತಿ ಬಂದು, ಹೊಸ ತೊಟ್ಟಿಗೆ ಎರಡು ಮೀನು ಬೇಕೆಂದರು. ಈ ಬೀದಿಯಲ್ಲಿ ಇಷ್ಟು ಅಂಗಡಿಯಿರುವಾಗ ಇಲ್ಲಿಗೇ ಹೇಗೆ ಬಂದಿರಿ ಎಂದು ಫುಂಗ್-ಯಿಂಗ್ ಕೇಳಿದಳು. ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ತುಸು ಸಂಕೋಚದಿಂದಲೇ ಹೇಳಿದಳು:

"ನಮ್ಮ ಮೇಲಿನ ಮಹಡಿಯ ಅಜ್ಜಿ ಕಳಿಸಿದ್ರು. ಅಂಗಡಿಯವಳ ಬಾಯಿ ಹೊಲಸು, ಮೀನು ಚೊಕ್ಕ ಅಂದ್ರು."