ಬಾಯಿ ತುಂಬ ಗುಂಡುಸೂಜಿ

ಕೆಲಸಕ್ಕೆ ಕೂತನೆಂದರೆ ದರ್ಜಿಯ ತುಟಿಗಳ ನಡುವೆ ಏಳೆಂಟು ಗುಂಡುಸೂಜಿ ಇದ್ದೇ ಇರುತ್ತಿದ್ದವು. ಆಗ ಅವನ ಮಾತೆಲ್ಲ ಬರೀ ಉಂ, ಹೂಂ, ಊಂಹೂಂ. ಅದನ್ನು ಬಿಡಿಸಿ ಹೇಳಬಲ್ಲವಳು ಲೋಕದಲ್ಲಿ ಒಬ್ಬಳೇ, ಅವನ ಮಗಳು. ನಾಲ್ಕು ವರ್ಷದವಳಿದ್ದಾಗಲೇ ಹೊಲಿಗೆ ಮಿಷಿನ್ನಿನ ಪಕ್ಕ ಚಿಂದಿ ಗುಡ್ಡೆಯ ಮೇಲೆ ಕೂತು, "ತೋಳು ಉದ್ದ ಬೇಕಾ ಅಂತ ಕೇಳ್ತಿದಾರೆ" ಎಂದು ಗಿರಾಕಿಗಳಿಗೆ ತಿಳಿಸುತ್ತಿದ್ದಳು.

ಈಗ ಮಗಳಿಗೆ ಹದಿನೈದು. ಕಿವಿಗೆ ಇಯರ್‌ಫೋನು, ಕೈಗೆ ಮೊಬೈಲು. ಹತ್ತು ಸಲ ಕರೆದರೆ ಒಂದು ಸಲ "ಆಂ?" ಅನ್ನುವಳು. ತುದಿಯೇ ಸಿಗದ ದಾರದುಂಡೆ ಹಿಡಿದು ಕೂತ ಹಾಗಾಗಿತ್ತು ದರ್ಜಿಯ ಪಾಡು.

"ಬಾಯಲ್ಲಿ ಕರೆದ್ರೆ ಈಗಿನವ್ರಿಗೆ ಕೇಳ್ಸಲ್ಲ ಟೈಲರಣ್ಣ. ಫೋನೊಳಗೆ ಹೊಕ್ಕು ಕರೀಬೇಕು," ಎಂದ ಪಕ್ಕದ ಅಂಗಡಿಯ ಇಸ್ತ್ರಿಯವನು. ದರ್ಜಿಗೆ ಬರೆಯುವುದು ತಡವರಿಕೆ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದರೆ ಸಾಕೆಂದು ಇಸ್ತ್ರಿಯವನೇ ಕಲಿಸಿಕೊಟ್ಟ.

ಶನಿವಾರ ಮಧ್ಯಾಹ್ನ ಗಿರಾಕಿಯೊಬ್ಬರ ಕೋಟಿಗೆ ಲೈನಿಂಗ್ ಕೂರಿಸುತ್ತ ದರ್ಜಿ ಮಗಳಿಗೆ ಮಾತು ಕಳಿಸಿದ. ಕನ್ನಡಕ ಮನೆಯ ಕಿಟಕಿಯಲ್ಲಿ ಮರೆತೆ, ತಂದುಕೊಡು. ಹಾಗೇ ಬೂದು ದಾರದ ಉಂಡೆ. ಮನಸ್ಸು ತಡೆಯದೆ ಇನ್ನೊಂದು ಸೇರಿಸಿದ: ನನ್ನ ಮೇಲೆ ಕೋಪವೇನೇ ಪುಟ್ಟಿ?

ಅವಳು ಕೇಳಿದಳೆಂಬ ಗುರುತು ಫೋನಿನಲ್ಲಿ ಬಿತ್ತು. ಉತ್ತರ ಮಾತ್ರ ಇಲ್ಲ.

"ಅಂಥದ್ದೇನು ಹೇಳಿದ್ರಿ, ಕೊಡಿ ನೋಡೋಣ," ಎಂದು ಇಸ್ತ್ರಿಯವನು ಫೋನು ಕಿವಿಗಿಟ್ಟುಕೊಂಡ. ಕೇಳಿಸಿದ್ದು ಉಂಮ್, ಹೂಂಮ್, ಉಂಹೂಂ. ಅವನು ಮೇಜು ಹಿಡಿದು ನಕ್ಕ. "ಅಣ್ಣ, ಇದು ಮಾತಲ್ಲ. ಕರು ಹುಲ್ಲು ಕೇಳ್ದಂಗಿದೆ."

ದರ್ಜಿ ತುಟಿ ಮುಟ್ಟಿ ನೋಡಿಕೊಂಡ. ಎಂಟು ಗುಂಡುಸೂಜಿ. ನಾಚಿಕೆಯಾಯಿತು. ಕೇಳಬೇಕೆಂದಿದ್ದ ಒಂದೇ ಮಾತು ನೀರುಪಾಲಾಯಿತಲ್ಲ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು. ಮತ್ತೆ ಕೇಳುವ ಧೈರ್ಯ ಅವನಿಗಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮಗಳು ಬಂದಳು, ಕಣ್ಣು ಮೊಬೈಲಿನಲ್ಲೇ. ಕನ್ನಡಕ ಇಟ್ಟಳು. ದಾರದ ಉಂಡೆ ಇಟ್ಟಳು. ಬೂದು ಬಣ್ಣದ್ದೇ.

ಇಸ್ತ್ರಿಯವನ ನಗು ಅಲ್ಲಿಗೇ ನಿಂತಿತು. "ನಿಂಗೆ ಹೇಗೆ ಗೊತ್ತಾಯ್ತೇ?"

"ಅಪ್ಪ ಹೇಳಿದ್ರಲ್ಲ ಮಾವ."

ಅವಳು ಚಿಂದಿ ಗುಡ್ಡೆಯ ಮೇಲೆ ಕೂತಳು. ಈಗ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ತಲೆಯೆತ್ತದೆ, "ಕೋಪ ಏನಿಲ್ಲಪ್ಪ," ಎಂದಳು. "ನೀನು ಎದ್ದ ಕೂಡ್ಲೆ ಓದು ಓದು ಅಂತೀಯಲ್ಲ, ಅದೊಂದು ಮಾತ್ರ ನಂಗೆ ಕೇಳ್ಸಲ್ಲ."

ಸೂಜಿ ತೆಗೆಯಲು ಹೋಗಿದ್ದ ದರ್ಜಿಯ ಕೈ ಹಾಗೇ ಕೆಳಗಿಳಿಯಿತು.

ಕೋಟಿನ ಯಜಮಾನರು ಬಂದು, ಯಾವಾಗ ಸಿಗುತ್ತದೆಂದು ವಿಚಾರಿಸಿದರು.

"ಉಂಹೂಂ," ಎಂದ ದರ್ಜಿ.

"ಬುಧವಾರ ಅಂತೆ," ಎಂದಳು ಮಗಳು. "ಅಪ್ಪನ ಬುಧವಾರ ಅಂದ್ರೆ ಶುಕ್ರವಾರ. ನೀವು ಶುಕ್ರವಾರವೇ ಬನ್ನಿ."

ದರ್ಜಿಗೆ ನಗು ತಡೆಯಲಾಗಲಿಲ್ಲ. ಎಂಟು ಸೂಜಿಯೂ ನೆಲಕ್ಕುದುರಿದವು. ಅಪ್ಪ ಮಗಳು ಬಗ್ಗಿ ಆಯತೊಡಗಿದರು. ಎಂಟನೆಯದು ಸಿಗದಿದ್ದಾಗ ಮಗಳು ಮೊಬೈಲಿನ ದೀಪ ಹಚ್ಚಿ ಮಿಷಿನ್ನಿನ ಬುಡಕ್ಕೆ ಹಿಡಿದಳು.